ರಾನ್ ಹೆಸರಿನ ಮುಂದೆ ಎರಡು

ಚಡ್ಡಿ ತೊಟ್ಟು, ಮೊಣಕಾಲಿನವರೆಗೆ ಬಿಳಿ ಕಾಲುಚೀಲ ಎಳೆದುಕೊಂಡಿದ್ದ ಒಬ್ಬ ಮನುಷ್ಯ ಶನಿವಾರ ಬೆಳಿಗ್ಗೆ ನಮ್ಮ ಮನೆಯ ಕರೆಗಂಟೆ ಒತ್ತಿದ. ಗ್ಯಾಸ್ ರಿಪೇರಿಗೆ ಬಂದವನಿರಬೇಕೆಂದು ನಾನು ಅವನನ್ನು ನೇರವಾಗಿ ಅಡುಗೆಮನೆಗೆ ಕರೆದುಕೊಂಡು ಹೋಗಿ ಒಲೆ ತೋರಿಸಿದೆ. ಅವನು ಒಲೆಯನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಮೆಲ್ಲಗೆ, "ನಾನು ಕೀತ್. ಈ ಕ್ಷೇತ್ರದ ಎಂ.ಪಿ." ಎಂದ.

ಮೈಸೂರಿನಲ್ಲಿ ನಮ್ಮ ಬೀದಿಗೊಂದು ನಲ್ಲಿ ಹಾಕಿಸಿಕೊಡಿ ಎಂದು ಕೇಳಲು ನಮ್ಮಪ್ಪ ಶಾಸಕರ ಮನೆಯ ಗೇಟಿನ ಮುಂದೆ ಎರಡು ಬೆಳಿಗ್ಗೆ ನಿಂತು ಬಂದಿದ್ದರು. ಎರಡನೆಯ ದಿನ ಕಾರಿನ ಗಾಜು ಇಳಿಯಿತು, ಅರ್ಜಿ ಒಳಗೆ ಹೋಯಿತು, ಗಾಜು ಮೇಲೇರಿತು. ಇಲ್ಲಿ ಎಂ.ಪಿ. ತಾವೇ ಬಂದು, ಹಿಂದೆ ಮುಂದೆ ಒಬ್ಬರೂ ಇಲ್ಲದೆ ನಮ್ಮ ಅಡುಗೆಮನೆಯ ಮೇಜಿಗೆ ಕೂತು, "ನನ್ನಿಂದ ನಿಮಗೇನಾದರೂ ಆಗಬೇಕಾ?" ಎಂದು ಕೇಳುತ್ತಿದ್ದರು. ಗಾಬರಿಯಲ್ಲಿ ಉಪ್ಪಿಟ್ಟು ಕೊಟ್ಟೆ. ಎರಡು ಸಲ ಹಾಕಿಸಿಕೊಂಡು ತಿಂದರು.

ಅದು ಎಪ್ಪತ್ತರ ದಶಕದ ಕೊನೆ. ಆಸ್ಟ್ರೇಲಿಯಾದಲ್ಲಿ ಅಡಿಲೇಡಿನ ಮಾಡ್ಬರಿಗೆ ನಾವು ಬಂದು ಒಂದು ತಿಂಗಳಾಗಿತ್ತು. ಅದಕ್ಕೆ ಮುಂಚೆ ಮೂರು ವರ್ಷ ಬ್ರಿಸ್ಬೇನಿನ ಟೂವಾಂಗ್‌ನಲ್ಲಿ, ಮರದ ಕಂಬಗಳ ಮೇಲೆ ನಿಂತ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಗಂಡ ಪ್ರಭಾಕರ್‌ಗೆ ಆಸ್ಪತ್ರೆಯಲ್ಲಿ ಕೆಲಸವಿತ್ತು. ನಾನೂ ಮೈಸೂರಿನಲ್ಲಿ ಡಾಕ್ಟರಾಗಿದ್ದವಳೇ. ಆದರೆ ನನ್ನ ಪದವಿ ಇಲ್ಲಿ ನಡೆಯುವುದಿಲ್ಲವೆಂದರು. ಪರೀಕ್ಷೆ ಬರೆಯಲು ಹಾಕಿದ ಅರ್ಜಿಗೆ ಉತ್ತರವೇ ಇರಲಿಲ್ಲ. ಮಗಳು ಅನಿತಾಳನ್ನು ಸೊಂಟದ ಮೇಲಿಟ್ಟುಕೊಂಡು ನದಿಯ ಕಡೆ ನೋಡುತ್ತಾ, ಇಡೀ ದಿನ ಯಾರ ಜೊತೆಗೂ ಒಂದು ಮಾತಾಡದೆ ಕಳೆದ ದಿನಗಳನ್ನು ಲೆಕ್ಕ ಇಡುವುದನ್ನೇ ಬಿಟ್ಟಿದ್ದೆ.

ಕೀತ್ ಅದನ್ನೆಲ್ಲ ಒಂದು ಸಣ್ಣ ಪುಸ್ತಕದಲ್ಲಿ ಬರೆದುಕೊಂಡು ಹೋದರು. ನನ್ನ ಅರ್ಜಿ ಎಲ್ಲಿ ನಿಂತಿದೆ ಎಂದು ಕೇಳಿ ನಾಲ್ಕು ಪತ್ರ ಬರೆದರು. ಪರೀಕ್ಷೆಗೆ ಕರೆ ಬಂತು, ಪಾಸಾದೆ. ಮಾಡ್ಬರಿಯ ಒಂದು ಕ್ಲಿನಿಕ್ಕಿನಲ್ಲಿ ಕೂತ ಮೊದಲ ದಿನ ಒಬ್ಬ ಮುದುಕ ಒಳಗೆ ಬಂದು, "ಐಯಾಮ್ ಕ್ರೂಕ್, ಡಾಕ್ಟರ್" ಎಂದ. ನಾನು ಕಲಿತ ಇಂಗ್ಲಿಷಿನಲ್ಲಿ ಕ್ರೂಕ್ ಅಂದರೆ ಕಳ್ಳ. ಏನು ಕದ್ದಿರಿ ಎಂದು ಕೇಳುವುದರಲ್ಲಿದ್ದೆ. ಇಲ್ಲಿ ಹಾಗಂದರೆ ಮೈ ಸರಿಯಿಲ್ಲ ಎಂದರ್ಥವಂತೆ. ಮಧ್ಯಾಹ್ನಕ್ಕೆ ಆರ್ವೋ, ಪೆಟ್ರೋಲ್ ಬಂಕಿಗೆ ಸರ್ವೋ. ಒಂದೊಂದೇ ಕಲಿತೆ. ಐದಾರು ವರ್ಷದಲ್ಲಿ ಕ್ಲಿನಿಕ್ಕಿನಲ್ಲಿ ನನ್ನನ್ನೇ ಕೇಳಿಕೊಂಡು ಬರುವವರಾದರು. ನಾವು ಇಲ್ಲಿಯ ಪೌರತ್ವವನ್ನೂ ತೆಗೆದುಕೊಂಡೆವು. ಕೀತ್ ಕೂಡ ನನ್ನ ಪೇಷೆಂಟಾದರು.

ಎಂಬತ್ತರ ದಶಕದ ನಡುವೆ ಗಾಳಿ ಬದಲಾಯಿತು. ಕಾರ್ಖಾನೆಗಳಲ್ಲಿ ಜನರನ್ನು ಕೆಲಸದಿಂದ ತೆಗೆಯತೊಡಗಿದ್ದರು. ವಿಯೆಟ್ನಾಮಿನಿಂದ ಬಂದವರ ಅಂಗಡಿಗಳು ಅಲ್ಲಲ್ಲಿ ತೆರೆಯುತ್ತಿದ್ದವು. ರೇಡಿಯೋದಲ್ಲಿ ಏಷ್ಯಾದವರು ಜಾಸ್ತಿಯಾದರೆಂಬ ಮಾತು ದಿನವೂ ಬರತೊಡಗಿತು. ಆಗ ನಮ್ಮ ಕ್ಷೇತ್ರದಲ್ಲಿ ಪಕ್ಷೇತರನಾಗಿ ಚುನಾವಣೆಗೆ ನಿಂತವನು ರಾನ್.

ರಾನ್ ನಾನು ಪೆಟ್ರೋಲ್ ಹಾಕಿಸುತ್ತಿದ್ದ ಸರ್ವೋದ ಮಾಲೀಕ. ಒಂದು ಚಳಿಗಾಲ ನನ್ನ ಕಾರು ಸ್ಟಾರ್ಟ್ ಆಗದಿದ್ದಾಗ ತನ್ನ ಬ್ಯಾಟರಿಯಿಂದ ತಂತಿ ಕೊಟ್ಟು ಓಡಿಸಿಕೊಟ್ಟವನು. ಅವನ ಕರಪತ್ರ ನಮ್ಮ ಅಂಚೆಪೆಟ್ಟಿಗೆಗೂ ಬಿತ್ತು: ಏಷ್ಯಾದಿಂದ ವಲಸೆ ಇಂದೇ ನಿಲ್ಲಲಿ, ನಮ್ಮ ಕೆಲಸ ನಮಗೆ. ಮಾರನೆಯ ದಿನ ಪೆಟ್ರೋಲ್ ಹಾಕಿಸಲು ಹೋದಾಗ ಅವನೇ ಬಂದು ಗಾಜು ಒರೆಸಿದ. "ನಿಮ್ಮ ಬಗ್ಗೆ ಅಲ್ಲ ಡಾಕ್ಟರ್, ನೀವು ನಮ್ಮವರು" ಎಂದ. ಥ್ಯಾಂಕ್ಸ್ ಹೇಳಿದೆ. ಯಾಕೆ ಹೇಳಿದೆನೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮೊದಲ ಸಭೆಯಲ್ಲಿ ಕೀತ್ ಗಟ್ಟಿಯಾಗಿಯೇ ಮಾತಾಡಿದರು. ಇದು ನಾಚಿಕೆಗೇಡು, ಈ ದೇಶ ಹಾಗಲ್ಲ ಎಂದರು. ನಾನು ಮುಂದಿನ ಸಾಲಿನಲ್ಲಿ ಕೂತು ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆ. ಮತದಾನದ ದಿನ ಅವರ ಪರವಾಗಿ ಚೀಟಿ ಹಂಚಲು ಹೆಸರು ಕೊಟ್ಟೆ. ಎರಡನೆಯ ಸಭೆಗೆ ಜನ ಕಡಿಮೆಯಿದ್ದರು. ಕೀತ್ ಅಲ್ಲಿ, ಜನರ ಆತಂಕ ನಿಜವಾದದ್ದು, ಅದನ್ನು ಕಿವಿಗೊಟ್ಟು ಕೇಳಬೇಕು ಎಂದರು. ಮೂರನೆಯ ವಾರ ಬಂದ ಅವರ ಕರಪತ್ರದಲ್ಲಿ 'ನಮ್ಮ ಊರು ತಾಳಿಕೊಳ್ಳುವಷ್ಟೇ ವಲಸೆ' ಎಂದಿತ್ತು. ಅಕ್ಷರ ಬೇರೆ, ಬಣ್ಣ ಬೇರೆ. ಒಳಗಿದ್ದ ಮಾತು ರಾನ್‌ನದು.

ಕೀತ್ ರಕ್ತದೊತ್ತಡ ನೋಡಿಸಲು ಬಂದಾಗ ಹೇಳಿಯೇಬಿಟ್ಟೆ. "ಇದು ನಿಮ್ಮ ಮಾತಲ್ಲ."

ಅವರು ತೋಳು ಚಾಚಿಕೊಂಡೇ ನೆಲ ನೋಡಿದರು. "ಅಲ್ಲ. ಆದರೆ ನಾನಿದನ್ನು ಸ್ವಲ್ಪ ಹೇಳದಿದ್ದರೆ ರಾನ್ ಗೆಲ್ಲುತ್ತಾನೆ. ಅವನು ಗೆದ್ದರೆ ಪೂರ್ತಿ ಹೇಳುತ್ತಾನೆ. ನಿಮಗೆ ಯಾವುದು ವಾಸಿ?"

ಉಪ್ಪು ಕಡಿಮೆ ಮಾಡಿ ಎಂದು ಹೇಳಿ ಕಳಿಸಿದೆ.

ಮನೆಯಲ್ಲಿ ಪ್ರಭಾಕರ್, "ನಾವು ಸಿಟಿಜನ್ಸ್ ಆಗ್ಬಿಟ್ಟಿದೀವಿ ಸುಶೀ, ನಮ್ಮನ್ನೇನು ವಾಪಸ್ ಕಳಿಸ್ತಾರಾ? ಸುಮ್ನಿರು" ಎಂದರು. ಪರ್ತ್‌ನಲ್ಲಿದ್ದ ನಸೀಮಾಗೆ ಫೋನ್ ಮಾಡಿದೆ. ಅವಳು ಮೈಸೂರಿನಲ್ಲಿ ನನ್ನ ಜೊತೆ ಓದಿದವಳು, ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಮಕ್ಕಳ ಡಾಕ್ಟರು. "ಇಲ್ಲೂ ಅದೇ ಕಥೆ ಕಣೇ" ಎಂದಳು. "ನಮ್ ಕಡೆ ನಿಂತಿರೋರೂ ಒಳ್ಳೆಯೋರೇ. ಒಳ್ಳೆಯೋರೆಲ್ಲ ದಿನಾ ಒಂದೊಂದು ಹೆಜ್ಜೆ ಹಿಂದಕ್ಕಿಡ್ತಿದಾರೆ."

ಇಲ್ಲಿಯ ಮತದಾನದ ರೀತಿಯನ್ನು ಸ್ವಲ್ಪ ಹೇಳಬೇಕು. ನಮ್ಮಲ್ಲಿ ಒಬ್ಬರಿಗೆ ಮುದ್ರೆ ಒತ್ತಿದರೆ ಮುಗಿಯಿತು. ಇಲ್ಲಿ ಪಟ್ಟಿಯಲ್ಲಿರುವ ಎಲ್ಲರಿಗೂ ಒಂದು, ಎರಡು, ಮೂರು ಎಂದು ಅಂಕಿ ಹಾಕಬೇಕು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ, ಎಲ್ಲರಿಗಿಂತ ಕಡಿಮೆ ಮತ ಬಂದವನನ್ನು ಪಟ್ಟಿಯಿಂದ ತೆಗೆದು, ಅವನ ಮತಗಳನ್ನು ಎರಡನೆಯ ಅಂಕಿ ಇರುವವರಿಗೆ ಸೇರಿಸುತ್ತಾರೆ. ಹಾಗಾಗಿ ಯಾರ ಮುಂದೆ ಯಾವ ಅಂಕಿ ಹಾಕಬೇಕೆಂದು ಪ್ರತಿ ಪಕ್ಷವೂ ಚೀಟಿ ಅಚ್ಚು ಹಾಕಿಸಿ ಬಾಗಿಲಲ್ಲಿ ಹಂಚುತ್ತದೆ. ನಾನು ಹಂಚಬೇಕಾಗಿದ್ದದ್ದು ಅದನ್ನೇ.

ಆ ಶನಿವಾರ ಬೆಳಿಗ್ಗೆ ಪ್ರಾಥಮಿಕ ಶಾಲೆಯ ಗೇಟಿನಲ್ಲಿ ಕೀತ್ ಕಚೇರಿಯ ಮೌರೀನ್ ನನ್ನ ಕೈಗೆ ಚೀಟಿಗಳ ಕಟ್ಟು ಕೊಟ್ಟಳು. ರಬ್ಬರ್ ಬ್ಯಾಂಡ್ ಬಿಚ್ಚಿ ನೋಡಿದೆ. ಕೀತ್ ಹೆಸರಿನ ಮುಂದೆ ಒಂದು. ರಾನ್ ಹೆಸರಿನ ಮುಂದೆ ಎರಡು.

"ಮೌರೀನ್, ಇದು ತಪ್ಪಾಗಿ ಅಚ್ಚಾಗಿದೆ" ಎಂದೆ.

"ಇಲ್ಲ ಡಿಯರ್, ಒಪ್ಪಂದ ಆಗಿದೆ. ಅವನು ನಮಗೆ ಎರಡು ಕೊಡ್ತಾನೆ, ನಾವು ಅವನಿಗೆ. ಬರೀ ಲೆಕ್ಕ ಅಷ್ಟೆ" ಎಂದಳು.

ಎದುರಿನ ದೊಡ್ಡ ಪಕ್ಷದ ಹುಡುಗಿಯಿಂದ ಅವರ ಚೀಟಿಯನ್ನೂ ಕೇಳಿ ತೆಗೆದುಕೊಂಡೆ. ಅಲ್ಲೂ ರಾನ್‌ಗೆ ಎರಡು, ಕೀತ್‌ಗೆ ಕೊನೆಯ ಅಂಕಿ. ಕಟ್ಟನ್ನು ಅಲ್ಲಿಯೇ ಇಟ್ಟು ಮನೆಗೆ ಹೋಗಬಹುದಾಗಿತ್ತು. ಹೋಗಲಿಲ್ಲ. ನನಗಾಗಿ ನಾಲ್ಕು ಪತ್ರ ಬರೆದವರು ಕೀತ್. ಅವರು ಸೋತರೆ ನನ್ನಿಂದ ಎಂದಾಗಬಾರದೆಂಬ ಭಯ ಒಂದು, ನನ್ನ ಪೇಷೆಂಟುಗಳ ಎದುರು ಗಲಾಟೆಯಾದೀತೆಂಬ ಸಂಕೋಚ ಇನ್ನೊಂದು. ಚೀಟಿಗಳನ್ನು ತಲೆಕೆಳಗಾಗಿ ಹಿಡಿದು, ಕೇಳಿದವರಿಗಷ್ಟೇ ಕೊಡುತ್ತಾ ನಿಂತೆ.

ಹತ್ತೂವರೆಗೆ ಲಿಯೆನ್ ಬಂದಳು. ವಿಯೆಟ್ನಾಮಿನವಳು, ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ. ಅವಳ ಎರಡು ಬಸಿರನ್ನೂ ನೋಡಿಕೊಂಡವಳು ನಾನು. ಪೌರತ್ವ ಸಿಕ್ಕ ಮೇಲೆ ಅವಳಿಗೆ ಇದು ಮೊದಲ ಮತ. ಅದಕ್ಕಾಗಿ ಇಸ್ತ್ರಿ ಮಾಡಿದ ಬಿಳಿ ಬ್ಲೌಸ್ ಹಾಕಿಕೊಂಡು ಬಂದಿದ್ದಳು. ನನ್ನನ್ನು ಕಂಡು ಅವಳ ಮುಖ ಅರಳಿತು. ನೇರವಾಗಿ ಬಂದು ನನ್ನ ಕೈಯಿಂದಲೇ ಚೀಟಿ ತೆಗೆದುಕೊಂಡಳು.

"ಇದರಲ್ಲಿರೋ ಹಾಗೇ ಬರೀಲಾ, ಡಾಕ್ಟರ್?" ಎಂದು ತನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದಳು.

"ಈ ಎರಡನೆಯವನು..." ಎಂದು ಶುರು ಮಾಡಿದೆ. ಮೌರೀನ್ ಪಕ್ಕದಲ್ಲೇ ಇದ್ದಳು. ಲಿಯೆನ್ ಹಿಂದೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು. "ಅದು ನಿನ್ನಿಷ್ಟ, ಲಿಯೆನ್. ನಿನಗೆ ಹೇಗೆ ಬೇಕೋ ಹಾಗೆ" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ನಾನು ತಮಾಷೆ ಮಾಡಿದೆನೆಂದುಕೊಂಡು ನಕ್ಕು, ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದಳು. ಹೊರಗೆ ಬರುವಾಗ ದೂರದಿಂದಲೇ ತಲೆಯಾಡಿಸಿದಳು: ನೀವು ಕೊಟ್ಟ ಹಾಗೆಯೇ ಬರೆದೆ. ನಾನು ಉಳಿದ ಚೀಟಿಗಳನ್ನು ಮೌರೀನ್‌ಗೆ ಕೊಟ್ಟು, ತಲೆನೋವೆಂದು ಹೇಳಿ ಮನೆಗೆ ಬಂದೆ.

ಕೀತ್ ಗೆದ್ದರು. ಮೂರನೆಯವನಾಗಿ ಉಳಿದ ರಾನ್‌ನ ಎರಡನೆಯ ಮತಗಳು ಅವರನ್ನು ದಡ ಸೇರಿಸಿದವು. ಕೀತ್ ಪಟ್ಟಿಯಿಂದ ಹೊರಬೀಳದ ಕಾರಣ ಲಿಯೆನ್ ಬರೆದ ಎರಡನ್ನು ಯಾರೂ ಎಣಿಸುವ ಸಂದರ್ಭವೇ ಬರಲಿಲ್ಲ ಎಂದು ಪ್ರಭಾಕರ್ ನನಗೆ ಕಾಗದದ ಮೇಲೆ ಬರೆದು ತೋರಿಸಿದರು. ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಅವಳು ಕ್ಲಿನಿಕ್ಕಿಗೆ ಬಂದಾಗಲೆಲ್ಲ ನಾನು ಮೊದಲು ಮಗುವಿನ ಮುಖ ನೋಡಿ ಮಾತಾಡಿಸುತ್ತಿದ್ದೆ.

ಗೆದ್ದ ಮೇಲೆ ಕೀತ್ ತಮ್ಮ ಹಳೆಯ ಮಾತಿಗೆ ಮರಳುತ್ತಾರೆಂದು ಕಾದೆ. ಅವರು ಮರಳಲಿಲ್ಲ. ರಾನ್ ಕೂಡ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ, ಅವನಿಗೆ ಅದರ ಅಗತ್ಯವಿರಲಿಲ್ಲ. ಕೀತ್ ಈಗಲೂ ರಕ್ತದೊತ್ತಡ ನೋಡಿಸಲು ಬರುತ್ತಾರೆ, ಅನಿತಾಳ ಓದಿನ ಬಗ್ಗೆ ಪ್ರೀತಿಯಿಂದ ಕೇಳುತ್ತಾರೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನ ಕೈಲಾಗಲಿಲ್ಲ. ನಂಬಲೂ ಆಗಲಿಲ್ಲ.

ಚುನಾವಣೆ ನಡೆದ ಆ ವರ್ಷದ ಡಿಸೆಂಬರಿನಲ್ಲಿ ಮೈಸೂರಿಗೆ ಹೋದೆವು. ಬನ್ನಿಮಂಟಪದ ಅಣ್ಣನ ಮನೆಯಲ್ಲಿ ಕ್ರಿಸ್‌ಮಸ್ ಊಟ. ಅಣ್ಣ ಸ್ಟೀಫನ್ ಹೈಸ್ಕೂಲ್ ಮೇಷ್ಟ್ರು, ಯಾರಿಗೂ ಕೇಡು ಬಯಸಿದವನಲ್ಲ. ಊಟದ ನಡುವೆ ಬೀದಿಯ ಕೊನೆಯಲ್ಲಿ ಹೊಸದಾಗಿ ಬಂದ ತಮಿಳು ಕುಟುಂಬಗಳ ಮಾತು ಬಂತು. "ಹೊರಗಿನೋರು ಜಾಸ್ತಿ ಆಗ್ಬಿಟ್ರಮ್ಮ. ಮುಂದಿನ ಎಲೆಕ್ಷನ್ನಲ್ಲಿ ಇದನ್ನ ಮಾತಾಡೋರಿಗೇ ನಮ್ಮ ಓಟು" ಎಂದ.

"ಹಾಗನ್ಬೇಡ ಅಣ್ಣ" ಎಂದೆ.

"ನಿನಗೆ ಗೊತ್ತಾಗಲ್ಲ ಸುಶೀಲ. ನೀನು ಇಲ್ಲಿ ಇರೋಳಲ್ಲ" ಎಂದು ಮೆಲ್ಲಗೇ ಹೇಳಿ, ನನ್ನ ತಟ್ಟೆಗೆ ಇನ್ನೊಂದು ತುಂಡು ಕೋಳಿ ಹಾಕಿದ.

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಆ ಊರಿನಲ್ಲಿ ನನಗೀಗ ಓಟಿಲ್ಲ. ಪಕ್ಕದಲ್ಲಿದ್ದ ಅನಿತಾಳಿಗೆ ಕನ್ನಡ ಚೆನ್ನಾಗಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ನನ್ನ ಕಡೆ ಬಗ್ಗಿ, "ಮಮ್, ಈಸ್ ಹೀ ಟಾಕಿಂಗ್ ಅಬೌಟ್ ಅಸ್?" ಎಂದಳು.

"ಅಲ್ಲ ಪುಟ್ಟ, ಬೇರೆಯೋರ ಬಗ್ಗೆ" ಎಂದೆ.