ಅಭಿಪ್ರಾಯ ಪುಸ್ತಕದ ಕನ್ನಡ ಪುಟ

ಇವತ್ತು ಬೆಳಿಗ್ಗೆ ಚಟ್ನಿಪುಡಿಗೆಂದು ಒಣಕೊಬ್ಬರಿಯ ಹೊಸ ಪೊಟ್ಟಣ ಒಡೆದೆ. ಕಮಟು ವಾಸನೆ ಮೂಗಿಗೆ ಬಡಿಯಿತು. ನಿಮಗೂ ಗೊತ್ತಿರುತ್ತದೆ, ಗಂಟಲಿನವರೆಗೆ ಇಳಿದು ಅಲ್ಲೇ ಕೂರುವ ವಾಸನೆ ಅದು. ಪೊಟ್ಟಣದ ಮೇಲಿನ ತಾರೀಖು ಮಾತ್ರ ಇನ್ನೂ ಮೂರು ತಿಂಗಳಿದೆ ಎನ್ನುತ್ತಿತ್ತು. ಕತ್ತರಿ ಕೆಳಗಿಟ್ಟೆ. ಆಗ ನೆನಪಾದದ್ದು ಇಂದಿರಮ್ಮನವರ ದುಂಡನೆಯ ಕೈಬರಹ.

ನಾನು ದೆಹಲಿಗೆ ಬಂದ ಹೊಸತು. ಲಕ್ಷ್ಮೀ ನಗರದಲ್ಲಿ ಬಾಡಿಗೆ ಕೋಣೆ, ನೋಯ್ಡಾದಲ್ಲಿ ಕಂಪ್ಯೂಟರ್ ಮುಂದಿನ ಕೆಲಸ. ಶನಿವಾರ ಬಂತೆಂದರೆ ಲೋಧಿ ಕಾಲೋನಿಯ ಮಾರುಕಟ್ಟೆಗೆ ಹೋಗುತ್ತಿದ್ದೆ. ದಕ್ಷಿಣದ ಸಾಮಾನುಗಳನ್ನಷ್ಟೇ ಮಾರುವ ಅಂಗಡಿಯೊಂದು ಅಲ್ಲಿತ್ತು. ಗುರುಗ್ರಾಮ, ನೋಯ್ಡಾ ಎಲ್ಲ ಸೇರಿ ಅದಕ್ಕೆ ಐದಾರು ಶಾಖೆಗಳು. ಬ್ಯಾಡಗಿ ಮೆಣಸಿನಕಾಯಿ, ಕಾಫಿಪುಡಿ, ಬಾಳೆ ಎಲೆ, ಎಲ್ಲವೂ ಸಿಗುತ್ತಿತ್ತು. ಅಮ್ಮ ಬಡಿಸಿದರೆ ಮೂಗು ಮುರಿಯುತ್ತಿದ್ದ ಮಜ್ಜಿಗೆ ಮೆಣಸಿನಕಾಯಿಯನ್ನು ಅಲ್ಲಿ ಎರಡೆರಡು ಪೊಟ್ಟಣ ಕೊಳ್ಳುತ್ತಿದ್ದೆ. ಊರು ಬಿಟ್ಟವರ ನಾಲಿಗೆಗೆ ಮಾನ ಕಡಿಮೆ.

ಶಾಖೆಯನ್ನು ನೋಡಿಕೊಳ್ಳುತ್ತಿದ್ದವರು ಸುನೀತಾಜಿ. ದೆಹಲಿಯಲ್ಲೇ ಹುಟ್ಟಿ ಬೆಳೆದವರು. ಗೊಜ್ಜಿಗೂ ಹುಳಿಗೂ ಏನು ವ್ಯತ್ಯಾಸ ಎಂಬುದನ್ನು ಗಿರಾಕಿಗಳನ್ನೇ ಕೇಳಿ ಕಲಿತಿದ್ದರು. ಅವರ ಗಲ್ಲಾದ ಪಕ್ಕದಲ್ಲಿ ದಪ್ಪ ರಟ್ಟಿನ ಅಭಿಪ್ರಾಯ ಪುಸ್ತಕವೊಂದು ಇರುತ್ತಿತ್ತು. ಅದನ್ನು ಓದುವುದು ನನಗೆ ಸಾಮಾನು ಕೊಳ್ಳುವುದಕ್ಕಿಂತ ಇಷ್ಟ. ಕಾಫಿಪುಡಿಯಲ್ಲಿ ಚಿಕೋರಿ ಜಾಸ್ತಿ ಎಂದು ಒಬ್ಬರು ಬರೆದರೆ, ಅದರ ಕೆಳಗೇ ಇನ್ನೊಬ್ಬರು ಸಾಲದು ಎಂದು ಬರೆದಿರುತ್ತಿದ್ದರು. ದೋಸೆ ಹಿಟ್ಟು ಹುಳಿಯಾಗಿದೆ ಎಂದು ದೂರಿದ ದೆಹಲಿಯ ಹೆಂಗಸಿಗೆ, ಅದು ಹುಳಿಯಾಗದಿದ್ದರೆ ತರುವುದೇ ಬೇಡ ಎಂದು ಯಾರೋ ಉತ್ತರ ಕೊಟ್ಟಿದ್ದರು. ನಾನೂ ಒಮ್ಮೆ ಬಾಳೆ ಎಲೆ ಹರಿದಿತ್ತೆಂದು ಇಂಗ್ಲಿಷಿನಲ್ಲಿ ಒಂದು ಪುಟ ಬರೆದು, ಮನೆಗೆ ಹೋದ ಮೇಲೆ ನಾಚಿಕೊಂಡಿದ್ದೆ.

ಕನ್ನಡದಲ್ಲಿ ಬರೆಯುತ್ತಿದ್ದವರು ಇಂದಿರಮ್ಮ ಒಬ್ಬರೇ. ಕೇಂದ್ರ ಸರ್ಕಾರದ ನೌಕರರೊಬ್ಬರ ಹೆಂಡತಿ, ಅಲ್ಲೇ ಹಿಂದಿನ ಬೀದಿಯ ಕ್ವಾರ್ಟರ್ಸಿನಲ್ಲಿದ್ದರು. ತರಕಾರಿಯವನ ಜೊತೆ ಹಿಂದಿಯಲ್ಲಿ ಜಗಳವಾಡಿ ಗೆಲ್ಲಬಲ್ಲರು, ಆದರೆ ಬರೆಯಲು ಕೂತರೆ ಕನ್ನಡವೇ. ಅವರು ನಗುತ್ತಾ ಬರೆಯುತ್ತಿದ್ದುದರಿಂದ ಅದೆಲ್ಲ ಹೊಗಳಿಕೆಯೇ ಎಂದುಕೊಂಡು ನಾನು ಓದುವ ಗೋಜಿಗೆ ಹೋಗಿರಲಿಲ್ಲ.

ಒಂದು ಶನಿವಾರ ನಾನು ಹೋದಾಗ ಮುಖ್ಯ ಕಚೇರಿಯ ಅಧಿಕಾರಿಯೊಬ್ಬರು ಗಲ್ಲಾದ ಮುಂದೆ ನಿಂತಿದ್ದರು. ಈ ಶಾಖೆಯಲ್ಲಿ ಹಳೆಯ ಪೊಟ್ಟಣಗಳಿಗೆ ಹೊಸ ತಾರೀಖಿನ ಚೀಟಿ ಅಂಟಿಸುತ್ತಾರೆಂದು ದೂರು ಬಂದಿದೆಯಂತೆ. ಅಂಟಿಸಿದವರು ಯಾರು ಎಂದು ಅವರು ತಗ್ಗಿದ ದನಿಯಲ್ಲಿ ಕೇಳುತ್ತಿದ್ದರು. ಕೂಗಾಡಿದ್ದರೆ ಅಷ್ಟು ಭಯವಾಗುತ್ತಿರಲಿಲ್ಲ. ಸುನೀತಾಜಿ ನನ್ನನ್ನು ಕಂಡವರೇ ಪುಸ್ತಕ ತೆರೆದು ಒಂದು ಪುಟವನ್ನು ನನ್ನತ್ತ ತಳ್ಳಿದರು. ಏನೋ ಹೇಳಲು ಬಾಯಿ ತೆರೆದರು. ಅಧಿಕಾರಿ ತಡೆದು, ನೀವು ಸುಮ್ಮನಿರಿ, ಇವರೇ ಓದಿ ಹಿಂದಿಯಲ್ಲಿ ಹೇಳಲಿ ಎಂದರು.

ಇಂದಿರಮ್ಮನವರ ಬರಹ. ಮೊದಲ ಎರಡು ಸಾಲಿಗೇ ಕಣ್ಣು ನಿಂತಿತು. ‘ಕೊಬ್ಬರಿ ಪೊಟ್ಟಣದ ಮೇಲೆ ಹೊಸ ಚೀಟಿ ಅಂಟಿಸಿದ್ದಾರೆ. ಉಗುರಿನಿಂದ ಕೆರೆದು ನೋಡಿದೆ, ಕೆಳಗೆ ಬೇರೆ ತಾರೀಖಿದೆ.’ ತಲೆಯೆತ್ತಿದೆ. ಸುನೀತಾಜಿ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು. ಕಾಪಾಡು ಎಂದು ಬೇಡುತ್ತಿದ್ದಾರೆ ಅನ್ನಿಸಿತು. ನಾನು ಆ ಅಂಗಡಿಗೆ ಹೋಗತೊಡಗಿದ ಹೊಸತರಲ್ಲಿ, ಜ್ವರದಲ್ಲಿದ್ದ ನನಗೆ ತಿಳಿಸಾರಿನ ಪುಡಿಯನ್ನು ಮನೆಗೇ ಕಳಿಸಿದ ಹೆಂಗಸು. ನಾನು ಪುಟದ ಮೇಲೆ ಬೆರಳಾಡಿಸುತ್ತಾ, ಸಾಮಾನು ಚೆನ್ನಾಗಿದೆ, ಅಂಗಡಿ ಚೊಕ್ಕಟವಾಗಿದೆ ಎಂದು ಬರೆದಿದ್ದಾರೆ ಅಂದುಬಿಟ್ಟೆ.

ಸುನೀತಾಜಿಯ ಮುಖ ಬಿಳಿಚಿಕೊಂಡಿತು. ನನಗೆ ಅರ್ಥವಾಗಲಿಲ್ಲ.

"ನಾನು ಹಾಗೆ ಬರೆದಿಲ್ಲವಲ್ಲಮ್ಮ."

ತಿರುಗಿದರೆ ಬಾಗಿಲ ಬಳಿ ಚೀಲ ಹಿಡಿದ ಇಂದಿರಮ್ಮ. ಅವರು ಹೇಳಿದ್ದು ಕನ್ನಡದಲ್ಲಿ. ನಾನೂ ಕನ್ನಡದಲ್ಲೇ, ದನಿ ತಗ್ಗಿಸಿ, "ಆಂಟಿ, ದಯವಿಟ್ಟು ಸುಮ್ಮನಿರಿ. ಇದನ್ನ ಓದಿದ್ರೆ ಅವರ ಕೆಲಸ ಹೋಗುತ್ತೆ" ಎಂದೆ.

ಅಧಿಕಾರಿ ನಮ್ಮಿಬ್ಬರ ಮುಖವನ್ನು ಬದಲಿಸಿ ಬದಲಿಸಿ ನೋಡಿ, ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ಸಾಲಿನಲ್ಲಿದ್ದ ಗಿರಾಕಿಯೊಬ್ಬರು ತಮ್ಮ ಬುಟ್ಟಿಯನ್ನು ನೆಲದ ಮೇಲಿಟ್ಟರು.

ಇಂದಿರಮ್ಮ ಅವರ ಕಡೆ ನೋಡಲೇ ಇಲ್ಲ. "ನೀನು ಪೂರ್ತಿ ಓದಿದೆಯಾ?" ಎಂದರು ನನಗೆ.

ಓದಿರಲಿಲ್ಲ. ಈಗ ಓದಿದೆ, ಗಟ್ಟಿಯಾಗಿ, ಒಂದೊಂದೇ ಸಾಲನ್ನು ಹಿಂದಿಗೆ ತಿರುಗಿಸುತ್ತಾ. ಚೀಟಿಯ ಮಾತು ಮುಗಿದ ಮೇಲೆ ಹೀಗಿತ್ತು: ‘ಸುನೀತಾಗೆ ತೋರಿಸಿದೆ. ಪಾಪ, ಅವಳಿಗೂ ಗೊತ್ತಿರಲಿಲ್ಲ. ನನ್ನೆದುರೇ ಗೋದಾಮಿಗೆ ಫೋನ್ ಮಾಡಿ, ಚೀಟಿ ಅಂಟಿಸಿದ್ದನ್ನು ನಾನು ಮಾರುವುದಿಲ್ಲ, ವಾಪಸು ತೆಗೆದುಕೊಂಡು ಹೋಗಿ ಎಂದು ಜಗಳವಾಡಿದಳು. ಪೊಟ್ಟಣಗಳನ್ನೆಲ್ಲ ತೆಗೆದು ಒಳಗಿಟ್ಟಳು.’ ಕೆಳಗೆ ಸಹಿ, ಮೂರು ವಾರ ಹಿಂದಿನ ತಾರೀಖು.

ಇದನ್ನೇ ಸುನೀತಾಜಿ ಅಧಿಕಾರಿಗೆ ಮೊದಲೇ ಹೇಳಿದ್ದರಂತೆ. ಗೋದಾಮಿನವರು ಇಲ್ಲವೆಂದು ಸಾಧಿಸಿದ್ದರಿಂದ ಅವರ ಮಾತಿಗೆ ಸಾಕ್ಷಿಯಿರಲಿಲ್ಲ. ಇದ್ದದ್ದು ಆ ಒಂದು ಪುಟ, ಅದನ್ನೇ ನಾನು ಹೊಗಳಿಕೆ ಮಾಡಿ ಅಳಿಸಹೊರಟಿದ್ದೆ. ಅಧಿಕಾರಿ ಒಳಗೆ ಹೋದರು. ಆ ಪೊಟ್ಟಣಗಳನ್ನು ತುಂಬಿ ಕಟ್ಟಿಟ್ಟ ಪೆಟ್ಟಿಗೆಗಳು ಅಲ್ಲೇ ಇದ್ದವು. ಆ ಸಂಜೆಯೇ ಅವು ಮುಖ್ಯ ಕಚೇರಿಗೆ ಹೋದವು. ತಿಂಗಳೊಳಗೆ ಗೋದಾಮಿನ ಮೇಲ್ವಿಚಾರಕ ಬದಲಾದ. ಸುನೀತಾಜಿ ತಮ್ಮ ಜಾಗದಲ್ಲೇ ಉಳಿದರು.

ಆ ಶನಿವಾರವೇ ನಾನು ಕ್ಷಮೆ ಕೇಳಲು ಹೋದಾಗ ಅವರು ಬಿಲ್ ಮಾಡುತ್ತಲೇ ಇದ್ದರು. ತಲೆಯೆತ್ತದೆ ಮೆಲ್ಲಗೆ ಹಿಂದಿಯಲ್ಲಿ ಕೇಳಿದರು: "ನಾನೇ ಅಂಟಿಸಿದೆ ಅಂದುಕೊಂಡಿರಾ ಮೇಡಂ?"

ಅವರಿಗಾಗಿ ಸುಳ್ಳು ಹೇಳಿದೆನೆಂದು ಒಳಗೊಳಗೇ ಬೀಗಿದ್ದವಳು ನಾನು. ಆ ಸುಳ್ಳಿಗೆ ಮೊದಲು ಅವರನ್ನು ತಪ್ಪಿತಸ್ಥೆಯೆಂದು ತೀರ್ಮಾನಿಸಿಬಿಟ್ಟಿದ್ದೆ ಎಂಬುದು ಆಗಷ್ಟೇ ಹೊಳೆಯಿತು. ಅವರು ಚೀಲ ಕೈಗಿತ್ತು, "ಚಲೋ, ಆಯ್ತು, ಮುಂದಿನ ಶನಿವಾರ ಬನ್ನಿ" ಎಂದರು. ನಾನು ಹೋದದ್ದು ಎರಡು ತಿಂಗಳ ಮೇಲೆ.

ಈಗ ಆಫೀಸಿನಲ್ಲಿ ನನ್ನ ಕೈಕೆಳಗೆ ಎಂಟು ಜನರಿದ್ದಾರೆ. ಅವರಲ್ಲೊಬ್ಬಳು ಯಾವುದೋ ಕಡತ ಕಳೆದಳೆಂದು ದೂರು ಬಂದು, ಮೇಲಿನವರು ನನ್ನ ಅಭಿಪ್ರಾಯ ಕೇಳಿದ್ದರು. ಎರಡು ಒಳ್ಳೆಯ ಮಾತು ಬರೆದು ಅವಳನ್ನು ಉಳಿಸೋಣವೆಂದೇ ನಿನ್ನೆ ರಾತ್ರಿ ಮಲಗಿದ್ದೆ. ಇವತ್ತು ಆಫೀಸಿಗೆ ಬಂದವಳು ಏನನ್ನೂ ಬರೆಯದೆ ಮೊದಲು ಅವಳನ್ನು ಕರೆದೆ.

"ಏನಾಯ್ತು ಅಂತ ನೀನೇ ಹೇಳು" ಎಂದೆ.

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು. ಹೇಳುವುದು ಅವಳ ಬಳಿ ಬಹಳ ಇತ್ತು.