ಕಪ್ಪು ಪಟ್ಟಿ ಬೇಡವೆಂದವರ ಮದುವೆ ಕ್ಯಾಸೆಟ್

ಪರದೆಯ ಅಳತೆಯೇ ಮನುಷ್ಯನ ನಾಗರಿಕತೆಯ ಅಳತೆ ಎಂದು ನಾನು ಬಹುಕಾಲ ಗಂಭೀರವಾಗಿ ನಂಬಿದ್ದೆ. ಶಿಡ್ಲಘಟ್ಟದಲ್ಲಿ ಮೂವತ್ತು ವರ್ಷ ಟೀವಿ ರಿಪೇರಿ ಮಾಡಿದ ಮೇಲೆ ತಿಳಿಯಿತು: ಜನಕ್ಕೆ ಬೇಕಾದದ್ದು ನಾಗರಿಕತೆಯಲ್ಲ, ಪರದೆ ಪೂರ್ತಿ ತುಂಬಬೇಕು, ಅಷ್ಟೇ.

ಕೊರೋನಾ ಮುಗಿದ ಮರುವರ್ಷದ ಮಾತು. ರಿಪೇರಿ ಕೆಲಸ ಕಡಿಮೆಯಾಗಿ, ಹಳೆಯ ವಿಡಿಯೋ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಡುತ್ತಿದ್ದೆ. ಜಂಗಮಕೋಟೆಯ ರೇಷ್ಮೆ ಬೆಳೆಗಾರ ಬಚ್ಚೇಗೌಡರು ಹೆಂಡತಿ ಮುನಿರತ್ನಮ್ಮನವರೊಂದಿಗೆ ತಮ್ಮ ಮದುವೆಯ ಕ್ಯಾಸೆಟ್ ತಂದರು. ಮುನಿರತ್ನಮ್ಮನವರ ತಂದೆ ಮಗಳ ಮದುವೆಯಾದ ವರ್ಷದೊಳಗೇ ತೀರಿಕೊಂಡಿದ್ದರು. ಕ್ಯಾಮೆರಾ ಕಂಡರೆ ತಪ್ಪಿಸಿಕೊಳ್ಳುತ್ತಿದ್ದ ಮನುಷ್ಯ. ಅವರ ಚಲಿಸುವ ಚಿತ್ರವೆಂದು ಇದ್ದದ್ದು ಅದೊಂದರಲ್ಲೇ.

"ಮಕ್ಳು ತಾತನ್ನ ನೋಡೇ ಇಲ್ಲ ಅಣ್ಣಾ, ಹುಷಾರು," ಎಂದರು ಆಕೆ.

ಇಲ್ಲಿ ಸ್ವಲ್ಪ ಲೆಕ್ಕ. ಹಳೆಯ ಚಿತ್ರದ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು. ಹೊಸ ಟೀವಿಯದು ಹದಿನಾರಕ್ಕೆ ಒಂಬತ್ತು. ಹಳೆಯದನ್ನು ಇದ್ದಂತೆ ಹಾಕಿದರೆ ಎಡಬಲಕ್ಕೆ ಕಪ್ಪು ಪಟ್ಟಿ ಬರುತ್ತದೆ. ಎಳೆದು ಅಗಲ ಮಾಡಿದರೆ ಮದುಮಗಳು ದಪ್ಪಗಾಗುತ್ತಾಳೆ. ಝೂಮ್ ಮಾಡಿದರೆ ಮೇಲೂ ಕೆಳಗೂ ಸೇರಿ ಎತ್ತರದ ಕಾಲು ಭಾಗ ಹೋಗುತ್ತದೆ. ಟೀವಿ ಎಚ್‌ಡಿ ಆದ ಮಾತ್ರಕ್ಕೆ ಟೇಪು ಎಚ್‌ಡಿ ಆಗುವುದಿಲ್ಲ; ಅದೇ ಮಸುಕು ದೊಡ್ಡದಾಗಿ ಕಾಣುತ್ತದೆ. ಇಷ್ಟನ್ನೂ ಗೌಡರಿಗೆ ವಿವರಿಸಿದೆ.

"ಐವತ್ತೈದು ಇಂಚು ತಂದಿರೋದು ಕರೀ ಪಟ್ಟಿ ನೋಡಕ್ಕೇನಯ್ಯಾ? ತುಂಬ್ಸು," ಎಂದರು.

ವಾದಿಸುವ ಶಕ್ತಿ ಆ ವೇಳೆಗೆ ನನ್ನಲ್ಲಿ ಉಳಿದಿರಲಿಲ್ಲ. ಎಲ್ಲರ ಕ್ಯಾಸೆಟ್‌ನಂತೆ ಇದನ್ನೂ ಝೂಮ್ ಮಾಡಿ ಇಳಿಸಿದೆ. ಪೂರ್ತಿ ಕೂತು ನೋಡಲಿಲ್ಲ. ಕ್ಯಾಸೆಟ್ ವಾಪಸ್ಸು ಕೊಡುವಾಗ, ಇನ್ನು ಇದು ಬೇಕಾಗುವುದಿಲ್ಲ ಎಂಬ ತಜ್ಞ ಸಲಹೆಯನ್ನೂ ಸೇರಿಸಿದೆ.

ತಿಂಗಳ ಮೇಲೆ ಮುನಿರತ್ನಮ್ಮ ಒಬ್ಬರೇ ಬಂದು ಪೆನ್‌ಡ್ರೈವ್ ಮೇಜಿನ ಮೇಲಿಟ್ಟರು. "ನಮ್ಮಪ್ಪ ಎಲ್ಲಣ್ಣಾ?"

ಹಾಕಿ ನೋಡಿದೆವು. ಮುಹೂರ್ತಕ್ಕೆ ಮುಂಚೆ ಮಾವ ಅಳಿಯನ ಕಾಲು ತೊಳೆಯುವ ಶಾಸ್ತ್ರ. ಗೌಡರು ಠೀವಿಯಿಂದ ಕುರ್ಚಿಯಲ್ಲಿದ್ದಾರೆ, ಕಾಲಿಲ್ಲ. ಕೆಳಗೆ ಬಗ್ಗಿ ಕೂತ ಮಾವ ನಾನು ಕತ್ತರಿಸಿದ ಭಾಗದಲ್ಲಿ. ಚೊಂಬು ಹಿಡಿದ ಕೈಯೊಂದು ಆಗಾಗ ಮೇಲೆ ಬಂದು ಹೋಗುತ್ತದೆ.

"ಕ್ಯಾಸೆಟ್ ಎಲ್ಲಮ್ಮಾ?"

"ನೀವೇ ಬೇಡ ಅಂದ್ರಲ್ಲ! ಜೋಳಕ್ಕೆ ಗಿಣಿ ಬೀಳ್ತವೆ ಅಂತ ನಮ್ಮೆಜಮಾನ್ರು ಟೇಪ್ ಎಳ್ದು ಹೊಲಕ್ಕೆ ಕಟ್ಟವ್ರೆ."

ಸ್ಕೂಟರ್ ಹತ್ತಿ ಹೋದೆ. ಹೊಲದ ಸುತ್ತ ಟೇಪು ಬಿಸಿಲಿಗೆ ಮಿನುಗುತ್ತ, ಗಾಳಿಗೆ ಗುಂಯ್‌ಗುಡುತ್ತಿತ್ತು. ನಮ್ಮ ಕಡೆ ಆರತಕ್ಷತೆ ಹಿಂದಿನ ಸಂಜೆ, ಮುಹೂರ್ತ ಮರುಬೆಳಗ್ಗೆ. ಟೇಪಿನಲ್ಲೂ ಅದೇ ಕ್ರಮ; ಗೌಡರು ಎಳೆದದ್ದು ಮೊದಲ ತುದಿಯಿಂದ. ಹಾಗಾಗಿ ಹೊಲಕ್ಕೆ ಹೋದದ್ದು ಬಹುಪಾಲು ಆರತಕ್ಷತೆ. ಅಷ್ಟೊಂದು ನೆಂಟರನ್ನು ಕಂಡು ಗಿಣಿಗಳು ಹೆದರಿದ್ದು ಸಹಜ. ಕತ್ತರಿಸಿ ಉಳಿದ ಸುರುಳಿ ಮನೆಯ ಗೋಡೆಗೂಡಿನಲ್ಲಿತ್ತು.

ಗೌಡರು ಅದನ್ನು ತಾವೇ ತಂದು ಕೈಗಿಟ್ಟರು. "ಅವ್ರು ನನ್ ಕಾಲ್ ಹತ್ರ ಕೂತಿದ್ರು ಅಂತ ನಂಗೇ ಮರ್ತೋಗಿತ್ತಯ್ಯಾ."

ಪರದೆ ತುಂಬಿಸುವ ಮೊದಲು, ಹೋಗುವುದು ಏನೆಂದು ಗಿರಾಕಿಗೆ ತೋರಿಸಬೇಕು. ಮೂವತ್ತು ವರ್ಷದ ಕಸುಬು ನನಗೆ ಇದನ್ನು ಕಲಿಸಿದ್ದು ತಡವಾಗಿ.

ಉಳಿದ ಟೇಪನ್ನು ಬೇರೆ ಕ್ಯಾಸೆಟ್ ಡಬ್ಬಿಗೆ ಸುತ್ತಿ, ಏನೂ ಕತ್ತರಿಸದೆ ಇಳಿಸಿದೆ. ಕಾಲು ತೊಳೆಯುವ ಶಾಸ್ತ್ರದಲ್ಲಿ ಸಿಕ್ಕಿದ್ದು ಕೊನೆಯ ಐವತ್ತು ಸೆಕೆಂಡು: ಮುನಿರತ್ನಮ್ಮನವರ ತಂದೆಯ ಬೆನ್ನು, ಒಮ್ಮೆ ಮುಖ. ಎರಡೂ ಬದಿಗೆ ಕಪ್ಪು ಪಟ್ಟಿ ಇದೆ.