ಮಿಲ್ಲಿನ ಗ್ರೀಸು ಹಚ್ಚಿದ ಬ್ರೇಕು

ನಮ್ಮ ಮನೆಯವರು ಸಿದ್ದಲಿಂಗೇಶ್, ಕಂಪ್ಲಿ ರಸ್ತೆಯ ಅಕ್ಕಿ ಮಿಲ್ಲಿನಲ್ಲಿ ಫಿಟ್ಟರ್. ಹೊಸಪೇಟೆಯ ನಮ್ಮ ಮನೆಯಲ್ಲಿ ಏನು ಕಿರುಗುಟ್ಟಿದರೂ ಮಿಲ್ಲಿನ ಹಳದಿ ಗ್ರೀಸೇ ಮದ್ದು. ಗೇಟಿಗೂ ಅದೇ, ನನ್ನ ಹೊಲಿಗೆ ಯಂತ್ರಕ್ಕೂ ಅದೇ. ಕೈ ಕೆಲಸದಲ್ಲಿ ಗಟ್ಟಿಗರು, ಇಲ್ಲ ಎನ್ನಲಾರೆ. ಆದರೆ ಮದುವೆಯಾಗಿ ಹನ್ನೊಂದು ವರ್ಷ, 'ತಪ್ಪು ನಂದು' ಎಂಬ ಮಾತು ಆ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ!

ಹೋದ ತಿಂಗಳು ನಮ್ಮ ಹಳೆಯ ಕಾರಿನ ಬ್ರೇಕ್ ಪ್ಯಾಡುಗಳನ್ನೂ ಅಂಗಳದಲ್ಲಿ ತಾವೇ ಬದಲಿಸಿದರು. ಅದಾಗಿ ವಾರಕ್ಕೆ ಕುರೆಕುಪ್ಪದ ಶಾಲೆಯಿಂದ ನನಗೆ ಫೋನು. ಅತಿಥಿ ಶಿಕ್ಷಕಿ ಕೆಲಸ! ಏಳು ವರ್ಷ ಅರ್ಜಿ ಹಾಕಿ ಹಾಕಿ ಸಾಕಾಗಿತ್ತು.

"ಶೈಲಜಾ ಅವ್ರ, ನಾಕೂವರಿ ಒಳಗ ಬಂದು ಸಹಿ ಮಾಡ್ರಿ. ಇಲ್ಲಾಂದ್ರ ಮುಂದಿನವ್ರನ್ನ ಕರಿಬೇಕಾಗ್ತದ," ಎಂದರು ಹೆಡ್‌ಮೇಡಂ ಗಂಗಾಂಬಿಕಾ.

ಆಗಲೇ ಮೂರು ಗಂಟೆ. ಖುಷಿಯಲ್ಲಿ ಚಪ್ಪಲಿ ಅದಲುಬದಲು ಮೆಟ್ಟಿಕೊಂಡೇ ಕಾರು ಹತ್ತಿದೆ. ಅಂದು ರಜೆಯಲ್ಲಿದ್ದ ಇವರೇ ಓಡಿಸಿದರು.

ಗಾದಿಗನೂರು ದಾಟುತ್ತಿದ್ದಂತೆ ಸುಟ್ಟ ವಾಸನೆ. ಯಾರೋ ಹಿಂದಿನಿಂದ ಎಳೆದು ಹಿಡಿದಂತೆ ಕಾರು ಮುಂದೆ ಹೋಗಲೊಲ್ಲದು.

"ಮುಂದಿನ ಅದಿರು ಲಾರೀದು ವಾಸ್ನಿ ಇರಬೇಕು, ಸುಮ್ನ ಕುಂದ್ರು," ಎಂದರು ಇವರು.

"ಸುಮ್ನ ಕುಂದ್ರೂದಂತ! ನಿಲ್ಸ್ರಿ ಮೊದ್ಲು!"

ಇಳಿದು, ಇಸ್ತ್ರಿ ಪೆಟ್ಟಿಗೆಗೆ ಚಿಮುಕಿಸುವ ಹಾಗೆ ನಾಲ್ಕೂ ಗಾಲಿಗೆ ನೀರು ಚಿಮುಕಿಸಿದೆ. ಎಡಗಡೆ ಮುಂದಿನದು ಮಾತ್ರ ಚುಂಯ್ ಎಂದಿತು! ಅದೊಂದೇ ಬ್ರೇಕು ಹಿಡಿದದ್ದನ್ನು ಬಿಟ್ಟಿರಲಿಲ್ಲ. ಅದು ಆರಲೆಂದು ಕಾದ ಹತ್ತು ನಿಮಿಷ ನನಗೆ ಹತ್ತು ವರ್ಷ.

ಇವರು ಜಾಕ್ ಹಾಕಿ ಗಾಲಿ ಎತ್ತಿ, ಬ್ರೇಕ್ ಎಣ್ಣೆ ಬಿಡುವ ಪುಟ್ಟ ನಟ್ಟು ಸಡಿಲಿಸಿದರು. ನಾಲ್ಕು ಹನಿ ಎಣ್ಣೆ ಬಂತು, ಗಾಲಿ ಅಲುಗಲಿಲ್ಲ. ನಟ್ಟು ಬಿಗಿ ಮಾಡಿ, "ಎಣ್ಣಿ ಒತ್ತಡ ಅಲ್ಲ. ಪ್ಯಾಡ್ ಸರಿಯೋ ಪಿನ್ನೇ ಜಾಮ್ ಆಗೇದ," ಎಂದರು. ಪಿನ್ನು ಎಳೆದು ತೆಗೆದರೆ ಅದರ ತುಂಬ ಹಳದಿ ಗ್ರೀಸು! ಅದನ್ನು ಕುಡಿದು ಪಿನ್ನಿನ ರಬ್ಬರು ಉಬ್ಬಿಹೋಗಿತ್ತು.

"ಅಯ್ಯಯ್ಯೋ, ಇದಕ್ಕೂ ಮಿಲ್ಲಿನ ಗ್ರೀಸೇನ್ರಿ?"

ಇವರು ರಬ್ಬರು ಕಿತ್ತು, ಗ್ರೀಸು ಒರೆಸಿ ಪಿನ್ನು ಕೂರಿಸಿದರು. ನಾನೇ ಗಾಲಿ ತಳ್ಳಿದೆ. ಗಿರ್ರನೆ ತಿರುಗಿತು ನೋಡಿ! ರಸ್ತೆಯಲ್ಲೇ ಚಪ್ಪಾಳೆ ಹೊಡೆದೆ.

ನಿಧಾನಕ್ಕೆ ಓಡಿಸಿದರೂ ನಾಲ್ಕು ಇಪ್ಪತ್ತಕ್ಕೆ ಶಾಲೆ ಮುಟ್ಟಿದೆವು. ಗಾಲಿ ತಳ್ಳಿದ ಕೈಯಲ್ಲೇ ಪೆನ್ನು ಹಿಡಿದರೆ ಹಾಜರಿ ಪುಸ್ತಕಕ್ಕೆ ಕಪ್ಪು ಬೆರಳಚ್ಚು ಬಿತ್ತು.

"ಮೊದಲ್ನೇ ದಿನಾನೇ ಏನ್ರೀ ಇದು ಕೈ?" ಎಂದು ಮೇಡಂ ಹುಬ್ಬೇರಿಸಿದರು.

ಬಾಗಿಲಿಂದ ಇವರ ದನಿ: "ಆಕಿದೇನಿಲ್ರಿ ಮೇಡಂ. ತಪ್ಪು ನಂದ್ರಿ."

ನನ್ನ ಪೆನ್ನು ಅಲ್ಲೇ ನಿಂತಿತು. ತಿರುಗಿ ನೋಡಿದೆ.

"ಇನ್ನೊಮ್ಮೆ ಹೇಳ್ರಿ?"

"ಲೇ, ಮೊದ್ಲು ಸಹಿ ಮಾಡು!"